ಇಂಟರ್ನೆಟ್ ಇಲ್ಲದೆಯೂ ಕೆಲಸ ಮಾಡುವ ಸುರಕ್ಷತಾ ಆ್ಯಪ್: ಆಂಡ್ರಾಯ್ಡ್‌ನಲ್ಲಿ ಹಂತಹಂತವಾಗಿ ಕಟ್ಟುವ ಬಗೆ

ಅಪಾಯದ ಹೊತ್ತಿನಲ್ಲಿ ಒಂದು ಬಟನ್ ಒತ್ತಿದರೆ ಮನೆಯವರಿಗೆ ಸುದ್ದಿ ಮುಟ್ಟಬೇಕು ಎಂಬ ಆಶಯದಿಂದ ತಯಾರಾದ ಆ್ಯಪ್‌ಗಳಲ್ಲಿ ಅನೇಕವು ಸಂದೇಶವನ್ನು ಮೊದಲು ತಮ್ಮ ಸರ್ವರ್‌ಗೆ ಕಳುಹಿಸಿ, ಅಲ್ಲಿಂದ ಬಂಧುಗಳ ಫೋನ್‌ಗೆ ರವಾನಿಸುತ್ತವೆ. ಬೆಂಗಳೂರಿನ ನಡುವೆ ಇದು ನಡೆದೀತು. ಆದರೆ ಆಗುಂಬೆ ಘಾಟಿಯನ್ನೋ ಶಿರಾಡಿ ಘಾಟಿಯನ್ನೋ ಇಳಿಯುವವರಿಗೆ, ಕುದುರೆಮುಖದ ಸುತ್ತಲಿನ ಹಳ್ಳಿಗಳಲ್ಲಿ ಕೆಲಸಕ್ಕೆ ಹೋಗಿಬರುವವರಿಗೆ, ಡೇಟಾ ಹೋಗಿ ಒಂದೇ ಕಡ್ಡಿ ಸಿಗ್ನಲ್ ಉಳಿಯುವುದೂ ಮುಂದಿನ ತಿರುವಿನಲ್ಲಿ ಅದೂ ಮಾಯವಾಗುವುದೂ ಹೊಸ ಅನುಭವವಲ್ಲ. ಈ ಮಾರ್ಗದರ್ಶಿ ಅಂಥ ಜಾಗದ ಬಳಕೆದಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು. ಆಂಡ್ರಾಯ್ಡ್ ಆ್ಯಪ್ ಬರೆಯಲು ಬಳಸುವ ಕೋಟ್ಲಿನ್ ಭಾಷೆಯಲ್ಲಿ ಒಂದು ಸಣ್ಣ ಆ್ಯಪ್ ಬರೆದು ಅಭ್ಯಾಸವಿರುವವರು ಇದನ್ನು ಅನುಸರಿಸಬಹುದು. ಸರ್ವರ್ ಆಗಲಿ ಮಾಸಿಕ ಬಾಡಿಗೆಯಾಗಲಿ ಬೇಕಿಲ್ಲ.

ವಿನ್ಯಾಸದ ಉದ್ದಕ್ಕೂ ಒಂದು ಮಾತನ್ನು ಬಿಡಬಾರದು. ಆ್ಯಪ್ ತಾನು ಮಾಡಿದ್ದನ್ನು ಮಾತ್ರ ‘ಮಾಡಿದೆ’ ಎಂದು ಹೇಳಬೇಕು. ಸಂದೇಶ ಹೊರಡದೇ ಇದ್ದಾಗ ಪರದೆಯ ಮೇಲೆ ಹಸಿರು ಗುರುತು ತೋರಿಸುವ ಆ್ಯಪ್, ಆ್ಯಪ್ ಇಲ್ಲದಿರುವುದಕ್ಕಿಂತ ಹೆಚ್ಚು ಅಪಾಯಕಾರಿ. ಸಹಾಯ ಬರುತ್ತದೆಂದು ನಂಬಿದವರು ಓಡುವುದನ್ನು, ಕೂಗುವುದನ್ನು, ಪಕ್ಕದ ಮನೆಯ ಬಾಗಿಲು ಬಡಿಯುವುದನ್ನು ನಿಲ್ಲಿಸಿಬಿಡುತ್ತಾರೆ.

ಮೊದಲ ಹಂತ: ಮೂರು ಸ್ಥಿತಿಗಳನ್ನು ಬೇರ್ಪಡಿಸಿಕೊಳ್ಳುವುದು

ಇಂಟರ್ನೆಟ್ ಇಲ್ಲದ ಸ್ಥಿತಿ ಒಂದೇ ಬಗೆಯದಲ್ಲ. ಡೇಟಾ ಇಲ್ಲದಿದ್ದರೂ ಸಿಮ್ ತನ್ನ ಕಂಪನಿಯ ಟವರ್‌ಗೆ ನೋಂದಾಯಿಸಿಕೊಂಡಿರುವುದು ಮೊದಲನೆಯದು. ಇಲ್ಲಿ ಎಸ್‌ಎಂಎಸ್ ಮತ್ತು ಕರೆ ಎರಡೂ ಸಾಧ್ಯ. ನಮ್ಮ ಕಂಪನಿಯ ಸಿಗ್ನಲ್ ಇಲ್ಲದೆ ಬೇರೆ ಕಂಪನಿಯ ಸಿಗ್ನಲ್ ಮಾತ್ರ ಸಿಗುವುದು ಎರಡನೆಯದು. ಆಗ ಫೋನ್ ‘ತುರ್ತು ಕರೆಗಳು ಮಾತ್ರ’ ಎಂದು ತೋರಿಸುತ್ತದೆ, ಎಸ್‌ಎಂಎಸ್ ಹೋಗುವುದಿಲ್ಲ, ತುರ್ತು ಸಹಾಯದ ಸಂಖ್ಯೆಯಾದ 112ಕ್ಕೆ ಕರೆ ಮಾತ್ರ ಹೋಗಬಲ್ಲದು. ಯಾವ ಟವರೂ ಎಟುಕದಿರುವುದು ಮೂರನೆಯದು.

ಈ ಮೂರಕ್ಕೂ ಬೇರೆ ಬೇರೆ ದಾರಿ ಬೇಕಾಗಿರುವುದರಿಂದ, ಆ್ಯಪ್ ತೆರೆದ ಕೂಡಲೇ ಈಗ ಯಾವ ಸ್ಥಿತಿಯಿದೆ ಎಂಬುದು ಪರದೆಯ ಮೇಲ್ಭಾಗದಲ್ಲಿ ಸರಳ ಕನ್ನಡದಲ್ಲಿ ಕಾಣಬೇಕು: ‘ಸಂದೇಶ ಹೋಗುತ್ತದೆ’, ‘112ಕ್ಕೆ ಕರೆ ಮಾತ್ರ ಸಾಧ್ಯ’, ‘ಸಿಗ್ನಲ್ ಇಲ್ಲ’. ಫೋನ್ ಜಾಲದ ಮಾಹಿತಿ ಕೊಡುವ ಆಂಡ್ರಾಯ್ಡ್ ವ್ಯವಸ್ಥೆಯಾದ ಟೆಲಿಫೋನಿ ಮ್ಯಾನೇಜರ್ ಮೂಲಕ ಸೇವಾ ಸ್ಥಿತಿಯ ಬದಲಾವಣೆಗಳನ್ನು ಆಲಿಸಿದರೆ ಈ ಮಾಹಿತಿ ಸಿಗುತ್ತದೆ. ಇದೇ ಆಲಿಸುವಿಕೆ ಮುಂದೆ ಬಾಕಿ ಸಂದೇಶಗಳನ್ನು ಮತ್ತೆ ಕಳುಹಿಸುವಾಗಲೂ ಬೇಕಾಗುತ್ತದೆ.

ಆ್ಯಪ್‌ನ ಕನಿಷ್ಠ ಆವೃತ್ತಿಯನ್ನು ಆಂಡ್ರಾಯ್ಡ್ 8 ಎಂದು ಇಟ್ಟುಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಹಳೆಯ ಫೋನ್‌ಗಳಿಗಾಗಿ ಹಿನ್ನೆಲೆ ಸೇವೆಯ ನಿಯಮಗಳನ್ನು ಎರಡೆರಡು ಬಾರಿ ಬರೆಯುವ ಶ್ರಮಕ್ಕೆ ತಕ್ಕ ಫಲವಿಲ್ಲ.

ಎರಡನೇ ಹಂತ: ಎಸ್‌ಎಂಎಸ್ ಎಂಬ ಬೆನ್ನೆಲುಬು

ಎಸ್‌ಎಂಎಸ್ ಹಳೆಯ ತಂತ್ರಜ್ಞಾನವೆಂದು ಮೂಗು ಮುರಿಯುವವರಿದ್ದಾರೆ. ಆದರೆ ಅದಕ್ಕೆ ಇಂಟರ್ನೆಟ್ ಬೇಡ, 2ಜಿ ಜಾಲದಲ್ಲೂ ಅದು ಹೋಗುತ್ತದೆ, ಪಡೆಯುವವರ ಫೋನ್ ಆಫ್ ಆಗಿದ್ದರೆ ಕಂಪನಿಯ ಸಂದೇಶ ಕೇಂದ್ರವು ಅದನ್ನು ಕೆಲಕಾಲ ಇಟ್ಟುಕೊಂಡು ಆಮೇಲೆ ತಲುಪಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಊರಿನಲ್ಲಿರುವ ಅಪ್ಪನ ಕೀಪ್ಯಾಡ್ ಫೋನಿಗೂ ಅದು ಬರುತ್ತದೆ. ಮಾತಿನ ಕರೆ ಕಡಿದುಹೋಗುವಷ್ಟು ದುರ್ಬಲ ಸಿಗ್ನಲ್‌ನಲ್ಲಿ, ಕೆಲವೇ ಕ್ಷಣ ಸಂಪರ್ಕ ಸಿಕ್ಕರೂ, ಒಂದು ಎಸ್‌ಎಂಎಸ್ ನುಸುಳಿ ಹೋಗುವ ಸಾಧ್ಯತೆ ಹೆಚ್ಚು.

ಕಳುಹಿಸುವ ಕೆಲಸವನ್ನು ಎಸ್‌ಎಂಎಸ್ ಮ್ಯಾನೇಜರ್ ಎಂಬ ವ್ಯವಸ್ಥೆಯ ಮೂಲಕ ಮಾಡಬೇಕು. ಇದಕ್ಕೆ ಬೇಕಾದ ಎಸ್‌ಎಂಎಸ್ ಕಳುಹಿಸುವ ಅನುಮತಿಯನ್ನು ಆಂಡ್ರಾಯ್ಡ್ 6ರಿಂದೀಚೆಗೆ ಬಳಕೆದಾರರು ಆ್ಯಪ್ ನಡೆಯುತ್ತಿರುವಾಗ ಕೊಡಬೇಕಾಗುತ್ತದೆ. ಮೊದಲ ಬಾರಿ ಆ್ಯಪ್ ತೆರೆದಾಗಲೇ, ಏಕೆ ಬೇಕೆಂಬುದನ್ನು ಎರಡು ವಾಕ್ಯದಲ್ಲಿ ವಿವರಿಸಿ, ಇದನ್ನು ಕೇಳಿ ಮುಗಿಸಬೇಕು. ಅಪಾಯದ ಬಟನ್ ಒತ್ತಿದ ಮೇಲೆ ಅನುಮತಿಯ ಕಿಟಕಿ ಎದ್ದು ನಿಂತರೆ ಆ ಆ್ಯಪ್ ಇದ್ದೂ ಇಲ್ಲದಂತೆ. ಆ್ಯಪ್‌ನಿಂದ ನೇರವಾಗಿ ಕಳುಹಿಸದೆ ಫೋನಿನ ಮೆಸೇಜ್ ಆ್ಯಪ್ ತೆರೆದು ಬರಹ ತುಂಬಿಸಿಕೊಡುವ ಇನ್ನೊಂದು ದಾರಿ ಇದೆ, ಅದಕ್ಕೆ ಈ ಅನುಮತಿ ಬೇಡ. ಆದರೆ ಕಳುಹಿಸುವ ಬಟನ್ ಅನ್ನು ಮತ್ತೆ ಬಳಕೆದಾರರೇ ಒತ್ತಬೇಕಾದ್ದರಿಂದ, ಅನುಮತಿ ನಿರಾಕರಿಸಿದವರಿಗೆ ಮಾತ್ರ ಅದನ್ನು ಬದಲಿ ವ್ಯವಸ್ಥೆಯಾಗಿ ಇಟ್ಟುಕೊಳ್ಳುವುದು ಸರಿ.

ಐಫೋನ್‌ನಲ್ಲಿ ಈ ಆಯ್ಕೆಯೇ ಇಲ್ಲ. ಆ್ಯಪ್ ತಾನಾಗಿ ಎಸ್‌ಎಂಎಸ್ ಕಳುಹಿಸಲು ಆ್ಯಪಲ್ ಬಿಡುವುದಿಲ್ಲ. ಸಂದೇಶದ ಪರದೆ ತೆರೆದು ಬಳಕೆದಾರರು ಒತ್ತುವವರೆಗೆ ಕಾಯಲೇಬೇಕು. ಆದ್ದರಿಂದ ಈ ಬಗೆಯ ಆ್ಯಪ್ ಅನ್ನು ಎರಡೂ ಕಡೆ ಒಂದೇ ರೀತಿ ಕೆಲಸ ಮಾಡುತ್ತದೆಂದು ಪ್ರಚಾರ ಮಾಡಬಾರದು.

ಭಾರತದ ಫೋನ್‌ಗಳಲ್ಲಿ ಎಡವುವ ಜಾಗ ಎರಡು ಸಿಮ್‌ಗಳದ್ದು. ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ‘ಪ್ರತಿ ಸಲವೂ ಕೇಳು’ ಎಂದು ಆರಿಸಿಟ್ಟಿದ್ದರೆ ಎಸ್‌ಎಂಎಸ್‌ಗೆ ನಿಗದಿತ ಸಿಮ್ ಎಂಬುದೇ ಇರುವುದಿಲ್ಲ, ಹಿನ್ನೆಲೆಯಲ್ಲಿ ಕಳುಹಿಸಲು ಹೊರಟ ಸಂದೇಶ ಅಲ್ಲಿಯೇ ಸಿಕ್ಕಿಬೀಳಬಹುದು. ಇನ್ನೂ ಸಾಮಾನ್ಯವಾದದ್ದೆಂದರೆ, ಪೇಟೆಯಲ್ಲಿ ಬಳಸುವ ಖಾಸಗಿ ಕಂಪನಿಯ ಸಿಮ್ ಮೊದಲನೆಯದಾಗಿದ್ದು, ಊರಿಗೆಂದು ಇಟ್ಟುಕೊಂಡ ಬಿಎಸ್‌ಎನ್‌ಎಲ್ ಸಿಮ್ ಎರಡನೆಯದಾಗಿರುವುದು. ಕಾಡಿನಂಚಿನಲ್ಲಿ ಸಿಗ್ನಲ್ ಇರುವುದು ಎರಡನೆಯದಕ್ಕೆ, ಆ್ಯಪ್ ಪ್ರಯತ್ನಿಸುವುದು ಮೊದಲನೆಯದರಿಂದ. ಇದಕ್ಕೆ ಪರಿಹಾರ: ಸಬ್‌ಸ್ಕ್ರಿಪ್ಷನ್ ಮ್ಯಾನೇಜರ್‌ನಿಂದ ಚಾಲ್ತಿಯಲ್ಲಿರುವ ಸಿಮ್‌ಗಳ ಪಟ್ಟಿಯನ್ನು ಪಡೆದು (ಇದಕ್ಕೆ ಫೋನ್ ಸ್ಥಿತಿ ಓದುವ ಅನುಮತಿ ಬೇಕು), ಪ್ರತಿಯೊಂದರ ಸೇವಾ ಸ್ಥಿತಿಯನ್ನು ನೋಡಿ, ಸಿಗ್ನಲ್ ಇರುವ ಸಿಮ್‌ಗೆ ಸೇರಿದ ಎಸ್‌ಎಂಎಸ್ ಮ್ಯಾನೇಜರ್ ಅನ್ನು ಬಳಸುವುದು, ಅದರಿಂದ ವಿಫಲವಾದರೆ ಇನ್ನೊಂದರಿಂದ ಪ್ರಯತ್ನಿಸುವುದು.

ರೀಚಾರ್ಜ್ ಮುಗಿದ ಸಿಮ್‌ನಿಂದ ಸಂದೇಶ ಹೊರಡುವುದಿಲ್ಲ ಎಂಬುದನ್ನು ಆ್ಯಪ್ ಮುಂಚಿತವಾಗಿ ಕಂಡುಹಿಡಿಯಲಾರದು. ಕಡಿಮೆ ದರದ ಪ್ಯಾಕ್‌ಗಳಲ್ಲಿ ಎಸ್‌ಎಂಎಸ್ ಸೌಲಭ್ಯವೇ ಇಲ್ಲದಿರಬಹುದು. ಹಾಗಾಗಿ ತಿಂಗಳಿಗೊಮ್ಮೆ ಒಂದು ಪರೀಕ್ಷಾ ಸಂದೇಶವನ್ನು ಆಪ್ತರಲ್ಲಿ ಒಬ್ಬರಿಗೆ ಕಳುಹಿಸುವಂತೆ ನೆನಪಿಸುವ ವ್ಯವಸ್ಥೆ ಇರಬೇಕು. ಬಳಕೆದಾರರಿಗೆ ಇದು ಕಿರಿಕಿರಿ ಎನಿಸಬಹುದು, ಆದರೂ ಇದನ್ನು ಬಿಡಬಾರದು.

ಈಗ ಪರದೆಯ ಮೇಲಿನ ಮಾತಿನ ಪ್ರಾಮಾಣಿಕತೆಗೆ ಬರೋಣ. ಎಸ್‌ಎಂಎಸ್ ಕಳುಹಿಸುವಾಗ ಎರಡು ಮರುಸೂಚನೆಗಳನ್ನು ಕೇಳಬಹುದು. ಒಂದು, ಸಂದೇಶ ನಮ್ಮ ಫೋನಿನಿಂದ ಜಾಲಕ್ಕೆ ಹೊರಟಿತೇ ಎಂಬುದು. ಇನ್ನೊಂದು, ಪಡೆಯುವವರ ಫೋನಿಗೆ ಮುಟ್ಟಿತೇ ಎಂಬುದು. ಮೊದಲನೆಯದು ವಿಫಲವಾದಾಗ ಸೇವೆ ಇಲ್ಲ, ರೇಡಿಯೋ ಆಫ್ ಆಗಿದೆ, ಸಾಮಾನ್ಯ ವೈಫಲ್ಯ ಎಂಬಂಥ ಕಾರಣಗಳೂ ಸಿಗುತ್ತವೆ. ಎರಡನೆಯದು ಕಂಪನಿಯನ್ನೂ ಎದುರಿನ ಫೋನನ್ನೂ ಅವಲಂಬಿಸಿರುವುದರಿಂದ, ಅದು ಬಾರದ ಮಾತ್ರಕ್ಕೆ ಸಂದೇಶ ತಲುಪಿಲ್ಲ ಎಂದು ಹೇಳಲಾಗದು. ಆದ್ದರಿಂದ ಪ್ರತಿಯೊಬ್ಬ ಆಪ್ತರ ಹೆಸರಿನ ಮುಂದೆ ‘ಕಳುಹಿಸುತ್ತಿದೆ’, ‘ಫೋನಿನಿಂದ ಹೊರಟಿದೆ’, ‘ಅವರ ಫೋನಿಗೆ ಮುಟ್ಟಿದೆ’, ‘ಹೋಗಿಲ್ಲ, ಮತ್ತೆ ಪ್ರಯತ್ನಿಸುತ್ತಿದೆ’ ಎಂಬ ನಾಲ್ಕು ಮಾತುಗಳಲ್ಲಿ ಒಂದನ್ನು ತೋರಿಸಬೇಕು. ‘ಯಶಸ್ವಿ’ ಎಂಬ ಒಂದೇ ಪದದಲ್ಲಿ ಇದನ್ನೆಲ್ಲ ಮುಚ್ಚಿಹಾಕುವುದು ಬೇಡ.

ಕೋಡ್ ಬರೆಯುವವರು ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮೂವರಿಗೆ ಸಂದೇಶ ಕಳುಹಿಸುವಾಗ ಮೂರಕ್ಕೂ ಒಂದೇ ವಿನಂತಿ ಸಂಖ್ಯೆಯ ಪೆಂಡಿಂಗ್ ಇಂಟೆಂಟ್ (ಮರುಸೂಚನೆ ಎಲ್ಲಿಗೆ ಬರಬೇಕೆಂದು ಆಂಡ್ರಾಯ್ಡ್‌ಗೆ ಕೊಡುವ ಗುರುತು) ಕೊಟ್ಟರೆ, ಆಂಡ್ರಾಯ್ಡ್ ಅವನ್ನು ಒಂದೇ ಎಂದು ಪರಿಗಣಿಸುತ್ತದೆ. ಆಗ ಅಮ್ಮನಿಗೆ ಹೋಗದ ಸಂದೇಶದ ವೈಫಲ್ಯ ಅಣ್ಣನ ಹೆಸರಿನ ಮುಂದೆ ಕಾಣಿಸಿಕೊಳ್ಳುತ್ತದೆ. ಪ್ರತಿ ವ್ಯಕ್ತಿಗೂ, ಸಂದೇಶ ತುಂಡಾಗಿದ್ದರೆ ಪ್ರತಿ ತುಂಡಿಗೂ, ಬೇರೆ ಬೇರೆ ಸಂಖ್ಯೆ ಕೊಡಬೇಕು.

ಕನ್ನಡದಲ್ಲಿ ಬರೆದರೆ ಎಷ್ಟು ಹಿಡಿಯುತ್ತದೆ

ಒಂದು ಎಸ್‌ಎಂಎಸ್‌ನ ಒಡಲು 140 ಬೈಟ್. ಇಂಗ್ಲಿಷ್ ಅಕ್ಷರಗಳಾದರೆ ಇದರಲ್ಲಿ 160 ಹಿಡಿಯುತ್ತವೆ. ಸಾಮಾನ್ಯ ಯೂನಿಕೋಡ್ ವಿಧಾನದಲ್ಲಿ ಹೋಗುವ ಕನ್ನಡವಾದರೆ 70 ಸ್ಥಾನ ಮಾತ್ರ. ಸಂದೇಶ ಉದ್ದವಾಗಿ ತುಂಡಾದರೆ, ತುಂಡುಗಳನ್ನು ಜೋಡಿಸುವ ತಲೆಬರಹಕ್ಕೂ ಜಾಗ ಹೋಗಿ, ಪ್ರತಿ ತುಂಡಿಗೆ 67 ಸ್ಥಾನ ಉಳಿಯುತ್ತದೆ. ನಮ್ಮ ಲಿಪಿಯಲ್ಲಿ ಕಣ್ಣಿಗೆ ಕಾಣುವ ಅಕ್ಷರ ಬೇರೆ, ಯೂನಿಕೋಡ್ ಲೆಕ್ಕ ಬೇರೆ. ‘ರಕ್ಷಿಸಿ’ ಎಂಬುದು ಕಣ್ಣಿಗೆ ಮೂರಕ್ಷರ. ವ್ಯಂಜನ, ಅರ್ಧಾಕ್ಷರದ ಚಿಹ್ನೆ, ಸ್ವರ ಚಿಹ್ನೆ ಎಲ್ಲವನ್ನೂ ಬಿಡಿಸಿದರೆ ಏಳು ಸ್ಥಾನ. ಒತ್ತಕ್ಷರ ಆಗದಂತೆ ತಡೆಯಲು ನಡುವೆ ಹಾಕುವ ಕಾಣದ ಚಿಹ್ನೆಗೂ ಒಂದು ಸ್ಥಾನ ಹೋಗುತ್ತದೆ.

ದುರ್ಬಲ ಸಿಗ್ನಲ್‌ನಲ್ಲಿ ಮೂರು ತುಂಡಿನ ಸಂದೇಶದ ಒಂದು ತುಂಡು ಕಳೆದುಹೋದರೆ ಪಡೆಯುವವರಿಗೆ ಏನೂ ಕಾಣದೆ ಹೋಗಬಹುದು. ಆದ್ದರಿಂದ ಮೊದಲ ಸಂದೇಶ ಒಂದೇ ತುಂಡಿನಲ್ಲಿ ಮುಗಿಯಲೇಬೇಕು. ‘ಅಪಾಯ! ಸಹಾಯ ಬೇಕು. 13.50870,75.09590 ±20ಮೀ 19:42’ ಎಂಬ ಸಂದೇಶಕ್ಕೆ 46 ಸ್ಥಾನ ಸಾಕು; ಮಿಕ್ಕ 24ರಲ್ಲಿ ಹೆಸರನ್ನೂ ಉಳಿದಿರುವ ಬ್ಯಾಟರಿಯ ಪ್ರಮಾಣವನ್ನೂ ಸೇರಿಸಬಹುದು. ಬ್ಯಾಟರಿಯ ಅಂಕಿ ಅನವಶ್ಯಕವೆಂದು ತೋರಬಹುದು, ಆದರೆ ಮಗಳ ಫೋನ್‌ನಲ್ಲಿ ಶೇಕಡಾ 6 ಉಳಿದಿದೆ ಎಂದು ಗೊತ್ತಾದ ತಂದೆ ಮತ್ತೆ ಮತ್ತೆ ಕರೆ ಮಾಡಿ ಅದನ್ನು ಬರಿದುಮಾಡುವುದಿಲ್ಲ. ನಕ್ಷೆಯ ಕೊಂಡಿಯನ್ನು ಇದರಲ್ಲಿ ತುರುಕಬಾರದು. ಪಡೆಯುವವರ ಬಳಿಯೂ ಇಂಟರ್ನೆಟ್ ಇಲ್ಲದಿರಬಹುದು. ಅಕ್ಷಾಂಶ ರೇಖಾಂಶಗಳನ್ನಾದರೆ ಪೊಲೀಸರಿಗೆ ಫೋನಿನಲ್ಲೇ ಓದಿ ಹೇಳಬಹುದು. ಕೊಂಡಿ ಬೇಕೇ ಬೇಕೆಂದರೆ ಅದು ಎರಡನೇ ಸಂದೇಶದಲ್ಲಿ ಹೋಗಲಿ.

ದಶಮಾಂಶದ ನಂತರ ಐದು ಅಂಕಿ ಸಾಕು, ಅದು ಸುಮಾರು ಒಂದು ಮೀಟರ್‌ನಷ್ಟು ಸೂಕ್ಷ್ಮ. ಅಂಕಿಗಳನ್ನು ಬರಹವಾಗಿಸುವಾಗ ಫೋನಿನ ಭಾಷೆಯನ್ನು ಅವಲಂಬಿಸದ ವಿಧಾನವನ್ನೇ ಆರಿಸಬೇಕು. ಇಲ್ಲವಾದರೆ ಮರಾಠಿಯಂಥ ಭಾಷೆಗೆ ಹೊಂದಿಸಿದ ಫೋನ್‌ನಲ್ಲಿ ದೇವನಾಗರಿ ಅಂಕಿಗಳು ಬಂದು, ನಕ್ಷೆಯಲ್ಲಿ ಹುಡುಕಲು ಹೋದವರಿಗೆ ತೊಡಕಾಗಬಹುದು. ಬೆಳಗಾವಿಯಲ್ಲಿ ಇದು ಬರೀ ಊಹೆಯ ಸಂಗತಿಯಲ್ಲ.

ಮೂರನೇ ಹಂತ: ಇರುವ ಜಾಗವನ್ನು ಕಂಡುಹಿಡಿಯುವುದು

ಜಿಪಿಎಸ್‌ಗೆ ಇಂಟರ್ನೆಟ್ ಬೇಡ ಎಂಬುದು ನಿಜ. ಫೋನ್ ಉಪಗ್ರಹಗಳ ಸಂಕೇತವನ್ನು ಸುಮ್ಮನೆ ಆಲಿಸಿ, ಕನಿಷ್ಠ ನಾಲ್ಕು ಉಪಗ್ರಹಗಳ ದೂರದಿಂದ ತನ್ನ ಸ್ಥಾನವನ್ನು ಲೆಕ್ಕಹಾಕುತ್ತದೆ. ಆದರೆ ನಗರದಲ್ಲಿ ಎರಡು ಮೂರು ಸೆಕೆಂಡಿನಲ್ಲಿ ಸಿಗುವ ಸ್ಥಾನ ಕಾಡಿನಲ್ಲಿ ಅಷ್ಟು ಬೇಗ ಸಿಗುವುದಿಲ್ಲ. ಕಾರಣ ಸರಳ. ಉಪಗ್ರಹಗಳ ಕಕ್ಷೆಯ ವಿವರವನ್ನು ಫೋನ್ ಸಾಮಾನ್ಯವಾಗಿ ಇಂಟರ್ನೆಟ್‌ನಿಂದ ಮುಂಚಿತವಾಗಿ ಇಳಿಸಿಕೊಂಡಿರುತ್ತದೆ. ಅದಿಲ್ಲದಿದ್ದರೆ ಸೆಕೆಂಡಿಗೆ 50 ಬಿಟ್‌ನಷ್ಟು ನಿಧಾನವಾಗಿ ಉಪಗ್ರಹವೇ ಬಿತ್ತರಿಸುವ ವಿವರವನ್ನು ಕೇಳಿಸಿಕೊಳ್ಳಬೇಕು, ಅದಕ್ಕೆ ಅಡ್ಡಿಯಿಲ್ಲದ ಆಕಾಶದ ಕೆಳಗೂ ಸುಮಾರು ಅರ್ಧ ನಿಮಿಷ ಬೇಕು. ದಟ್ಟ ಮರಗಳ ಕೆಳಗೆ, ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ, ಆಲಿಸುವುದು ನಡುನಡುವೆ ತಪ್ಪಿ ಕೆಲವು ನಿಮಿಷಗಳೇ ಹಿಡಿಯಬಹುದು. ಕಾಂಕ್ರೀಟ್ ಕಟ್ಟಡದ ಒಳಕೋಣೆಯಲ್ಲಿ ಸಿಗದೆಯೂ ಹೋಗಬಹುದು. ವೈಫೈ ಮತ್ತು ಟವರ್ ಆಧರಿಸಿದ ಸ್ಥಾನಕ್ಕೆ ಇಂಟರ್ನೆಟ್ ಬೇಕಾದ್ದರಿಂದ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಹೀಗಾಗಿ ಸ್ಥಾನ ಸಿಗುವವರೆಗೆ ಸಂದೇಶವನ್ನು ತಡೆಹಿಡಿಯುವುದು ತಪ್ಪು. ಬಟನ್ ಒತ್ತಿದ ಕೂಡಲೇ, ಕೊನೆಯ ಬಾರಿ ತಿಳಿದಿದ್ದ ಸ್ಥಾನವನ್ನೂ ಅದು ಎಷ್ಟು ನಿಮಿಷ ಹಳೆಯದೆಂಬುದನ್ನೂ ಸೇರಿಸಿ ಮೊದಲ ಸಂದೇಶ ಹೋಗಲಿ. ಸ್ಥಾನದ ವಯಸ್ಸನ್ನು ಲೆಕ್ಕಹಾಕಲು ಗೋಡೆ ಗಡಿಯಾರದ ಸಮಯಕ್ಕಿಂತ, ಫೋನ್ ಚಾಲೂ ಆದಾಗಿನಿಂದ ಎಣಿಸುವ ಸಮಯವನ್ನು ಬಳಸುವುದು ಸುರಕ್ಷಿತ. ಅದನ್ನು ಬಳಕೆದಾರರಾಗಲಿ ಜಾಲವಾಗಲಿ ಬದಲಿಸಲಾಗದು. ಅನಂತರ ಲೊಕೇಶನ್ ಮ್ಯಾನೇಜರ್‌ನ ಜಿಪಿಎಸ್ ಮೂಲವನ್ನೇ ನೇರವಾಗಿ ಕೇಳಿ, ನಿಖರತೆ 50 ಮೀಟರ್‌ಗಿಂತ ಒಳಗೆ ಬಂದಾಗ ಎರಡನೇ ಸಂದೇಶ ಕಳುಹಿಸಬೇಕು. ಒಂದೂವರೆ ನಿಮಿಷದಲ್ಲಿ ಅಷ್ಟು ನಿಖರತೆ ಬಾರದಿದ್ದರೆ, ಸಿಕ್ಕಿದ್ದನ್ನೇ ಅದರ ನಿಖರತೆಯ ಅಂಕಿಯೊಂದಿಗೆ ಕಳುಹಿಸಬೇಕು. ಆಮೇಲೆ ವ್ಯಕ್ತಿ 200 ಮೀಟರ್‌ಗಿಂತ ಹೆಚ್ಚು ಸರಿದರೆ ಮಾತ್ರ ಹೊಸ ಸಂದೇಶ. ನಿಮಿಷಕ್ಕೊಂದು ಕಳುಹಿಸುತ್ತ ಹೋದರೆ ಪ್ಯಾಕ್‌ನ ದಿನದ ಮಿತಿಯೂ ಮುಗಿಯುತ್ತದೆ, ಅಲ್ಪಾವಧಿಯಲ್ಲಿ ತೀರಾ ಹೆಚ್ಚು ಸಂದೇಶ ಹೊರಟಾಗ ಆಂಡ್ರಾಯ್ಡ್ ಕೂಡ ತಡೆದು ಒಪ್ಪಿಗೆ ಕೇಳುತ್ತದೆ. ಈ 50 ಮೀಟರ್, 90 ಸೆಕೆಂಡ್, 200 ಮೀಟರ್ ಎಂಬ ಅಂಕಿಗಳು ಆರಂಭಕ್ಕೆ ಇಟ್ಟುಕೊಳ್ಳಬಹುದಾದವು. ನಿಮ್ಮ ಭಾಗದ ಭೂಮಿಯಲ್ಲಿ ಓಡಾಡಿ ನೋಡಿ ಬದಲಿಸಿಕೊಳ್ಳಬೇಕು.

ಸಂದೇಶದ ಅಂಕಿಗಳನ್ನು ನಕ್ಷೆಯ ಮೇಲೆ ನೋಡಲು ಆಪ್ತರಿಗೂ ಇದೇ ಆ್ಯಪ್ ಕೊಡುವುದಾದರೆ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ದತ್ತಾಂಶವನ್ನು ಫೋನಿನಲ್ಲೇ ಇಟ್ಟುಕೊಂಡು ತೋರಿಸುವ ಮ್ಯಾಪ್ಸ್‌ಫೋರ್ಜ್‌ನಂಥ ಮುಕ್ತ ತಂತ್ರಾಂಶಗಳಿವೆ. ಆದರೆ ಮೊದಲ ಆವೃತ್ತಿಗೆ ಇದು ಬೇಡ.

ನಾಲ್ಕನೇ ಹಂತ: ಎಚ್ಚರಿಕೆಯನ್ನು ಎಬ್ಬಿಸುವ ವಿಧಾನ

2016ರಲ್ಲಿ ದೂರಸಂಪರ್ಕ ಇಲಾಖೆ ಹೊರಡಿಸಿದ ನಿಯಮಗಳ ಪ್ರಕಾರ 2017ರ ಜನವರಿ 1ರಿಂದ ಭಾರತದಲ್ಲಿ ಮಾರುವ ಫೋನ್‌ಗಳಲ್ಲಿ ಪ್ಯಾನಿಕ್ ಬಟನ್ ಇರಬೇಕು: ಕೀಪ್ಯಾಡ್ ಫೋನ್‌ನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು, ಸ್ಮಾರ್ಟ್‌ಫೋನ್‌ನಲ್ಲಿ ಪವರ್ ಬಟನ್ ಅನ್ನು ಬೇಗಬೇಗ ಮೂರು ಸಲ ಒತ್ತುವುದು. ಆಂಡ್ರಾಯ್ಡ್ 12ರಿಂದ ಪವರ್ ಬಟನ್ ಐದು ಸಲ ಒತ್ತುವ ತುರ್ತು ಸೌಲಭ್ಯವೂ ಬಂದಿದೆ. ಹಾಗಾಗಿ ನಮ್ಮ ಆ್ಯಪ್ ಪವರ್ ಬಟನ್‌ಗಾಗಿ ಸ್ಪರ್ಧಿಸುವುದು ಸಲ್ಲದು. ಬಳಕೆದಾರರಿಗೆ ಆ ಸೌಲಭ್ಯವನ್ನು ಮೊದಲು ಹೊಂದಿಸಿಕೊಳ್ಳುವಂತೆ ತಿಳಿಸಿ, ಅದು ಮಾಡದ ಕೆಲಸವನ್ನು ನಾವು ಮಾಡುವುದು ಲೇಸು.

ನನ್ನ ಆಯ್ಕೆ ಮುಖಪುಟದ ಮೇಲಿನ ದೊಡ್ಡ ವಿಜೆಟ್ ಮತ್ತು ಪ್ರಯಾಣದ ಹೊತ್ತಿನಲ್ಲಿ ನೋಟಿಫಿಕೇಶನ್ ಪಟ್ಟಿಯಲ್ಲಿ ಇರುವ ಬಟನ್. ಇದಕ್ಕೆ ತಾಂತ್ರಿಕ ಕಾರಣವೂ ಇದೆ: ಹಿನ್ನೆಲೆಯಲ್ಲಿರುವ ಆ್ಯಪ್ ಮುನ್ನೆಲೆ ಸೇವೆಯನ್ನು (ನೋಟಿಫಿಕೇಶನ್ ತೋರಿಸುತ್ತ, ಪರದೆ ಆರಿದರೂ ನಡೆಯುವ ಕೆಲಸವನ್ನು) ಆರಂಭಿಸುವುದನ್ನು ಆಂಡ್ರಾಯ್ಡ್ 12ರಿಂದ ನಿರ್ಬಂಧಿಸಲಾಗಿದೆ, ಆದರೆ ವಿಜೆಟ್ ಅಥವಾ ನೋಟಿಫಿಕೇಶನ್ ಅನ್ನು ಬಳಕೆದಾರರೇ ಒತ್ತಿದಾಗ ಆ ನಿರ್ಬಂಧಕ್ಕೆ ವಿನಾಯಿತಿ ಇದೆ. ಫೋನ್ ಅಲುಗಾಡಿಸಿದರೆ ಎಚ್ಚರಿಕೆ ಹೋಗುವ ವ್ಯವಸ್ಥೆ ಪ್ರದರ್ಶನಕ್ಕೆ ಚೆನ್ನಾಗಿ ಕಾಣುತ್ತದೆ. ಘಾಟಿಯ ಹೊಂಡಗಳ ಮೇಲೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಅದು ತಾನಾಗಿಯೇ ಎದ್ದುಬಿಡುತ್ತದೆ. ಎರಡು ಸಲ ಸುಳ್ಳು ಎಚ್ಚರಿಕೆ ಬಂದರೆ ಮೂರನೆಯದನ್ನು ಮನೆಯವರು ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಬಟನ್ ಒತ್ತಿದ ಮೇಲೆ ಐದು ಸೆಕೆಂಡಿನ ಎಣಿಕೆ, ಆ ಅವಧಿಯಲ್ಲಿ ರದ್ದುಮಾಡುವ ಅವಕಾಶ, ಎಣಿಕೆಯ ಪ್ರತಿ ಸೆಕೆಂಡಿಗೂ ಸಣ್ಣ ಕಂಪನ ಇಷ್ಟಿದ್ದರೆ ಕೈತಪ್ಪಿ ಒತ್ತಿದ್ದು ಜೇಬಿನಲ್ಲಿದ್ದರೂ ತಿಳಿಯುತ್ತದೆ. ಸದ್ದು ಬೇಡ. ಸೈರನ್ ಬೇಕೇ ಬೇಡವೇ ಎಂಬುದು ಬಳಕೆದಾರರ ಆಯ್ಕೆಯಾಗಿರಬೇಕು, ಏಕೆಂದರೆ ದಾರಿ ತಪ್ಪಿದವರಿಗೆ ಅದು ವರ, ಬಚ್ಚಿಟ್ಟುಕೊಂಡವರಿಗೆ ಶಾಪ.

112ರ ವಿಷಯದಲ್ಲಿ ಒಂದು ಮಿತಿ ಇದೆ. ಸಾಮಾನ್ಯ ಆ್ಯಪ್ ತುರ್ತು ಸಂಖ್ಯೆಗೆ ತಾನೇ ಕರೆ ಮಾಡುವುದನ್ನು ಆಂಡ್ರಾಯ್ಡ್ ಬಿಡುವುದಿಲ್ಲ. ಡಯಲರ್ ತೆರೆದು ಸಂಖ್ಯೆಯನ್ನು ತುಂಬಿಸಿಕೊಡಬಹುದು ಅಷ್ಟೆ. ಆದ್ದರಿಂದ ಸಂದೇಶಗಳು ಹೊರಟ ಬಳಿಕ ಆ ಪರದೆಗೆ ಒಯ್ಯುವ ದೊಡ್ಡ ಬಟನ್ ಇಡಬೇಕು, ‘ತುರ್ತು ಕರೆಗಳು ಮಾತ್ರ’ ಸ್ಥಿತಿಯಲ್ಲಂತೂ ಅದೇ ಮೊದಲು ಕಾಣಬೇಕು.

ಐದನೇ ಹಂತ: ಆ್ಯಪ್ ಸಾಯದಂತೆ ನೋಡಿಕೊಳ್ಳುವುದು

ಸ್ಥಾನ ಹುಡುಕುವುದು ಮತ್ತು ಮತ್ತೆ ಮತ್ತೆ ಕಳುಹಿಸುವುದು ಪರದೆ ಆರಿದ ಮೇಲೂ ನಡೆಯಬೇಕಾದ ಕೆಲಸಗಳು. ಅದಕ್ಕೆ ಸ್ಥಾನದ ಬಗೆಯ ಮುನ್ನೆಲೆ ಸೇವೆ ಬೇಕು. ಆಂಡ್ರಾಯ್ಡ್ 14ರಿಂದ ಈ ಬಗೆಯನ್ನು ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ಅನುಮತಿ, ಸೇವೆಗಳನ್ನು ಪಟ್ಟಿಮಾಡುವ ಕಡತದಲ್ಲಿ) ಘೋಷಿಸುವುದು, ಅದಕ್ಕೆ ತಕ್ಕ ಪ್ರತ್ಯೇಕ ಅನುಮತಿಯನ್ನು ನಮೂದಿಸುವುದು ಕಡ್ಡಾಯ. ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಅನುಮತಿ ಕೇಳಬೇಕು. ಇಷ್ಟೆಲ್ಲ ಮಾಡಿದರೂ ಕೆಲವು ತಯಾರಕರು ಬ್ಯಾಟರಿ ಉಳಿಸುವ ಹೆಸರಿನಲ್ಲಿ ಹಿನ್ನೆಲೆಯ ಆ್ಯಪ್‌ಗಳನ್ನು ತಮ್ಮದೇ ನಿಯಮದಿಂದ ಮುಚ್ಚಿಹಾಕುತ್ತಾರೆ. ಬ್ಯಾಟರಿ ಮಿತಿಯಿಂದ ವಿನಾಯಿತಿ, ಆಟೋಸ್ಟಾರ್ಟ್ ಎಂಬ ಸೆಟ್ಟಿಂಗ್‌ಗಳನ್ನು ಬಳಕೆದಾರರು ಕೈಯಾರೆ ಬದಲಿಸಬೇಕಾಗುತ್ತದೆ, ಅದನ್ನು ಫೋನಿನ ಮಾದರಿಗೆ ತಕ್ಕಂತೆ ಚಿತ್ರಸಹಿತ ತೋರಿಸಿಕೊಡುವ ಒಂದು ಪುಟ ಆ್ಯಪ್‌ನೊಳಗೇ ಇರಲಿ.

ಹೆಚ್ಚಿನವರು ಯೋಚಿಸದ ಒಂದು ಸನ್ನಿವೇಶವಿದೆ. ಕೈಜಾರಿ ಬಿದ್ದ ಫೋನ್ ರೀಸ್ಟಾರ್ಟ್ ಆಗಿದೆ, ಪಿನ್ ಇನ್ನೂ ಹಾಕಿಲ್ಲ. ಆಗ ಆ್ಯಪ್‌ನ ಸಾಮಾನ್ಯ ಸಂಗ್ರಹ ಗೂಢಲಿಪಿಯಲ್ಲಿ ಮುಚ್ಚಿಯೇ ಇರುತ್ತದೆ. ಆಪ್ತರ ಸಂಖ್ಯೆಗಳೂ ಬಾಕಿ ಸಂದೇಶಗಳೂ ಓದಲು ಸಿಗುವುದಿಲ್ಲ. ಆಂಡ್ರಾಯ್ಡ್ 7ರಿಂದ ಇರುವ ಡೈರೆಕ್ಟ್ ಬೂಟ್ ವ್ಯವಸ್ಥೆಯಲ್ಲಿ, ಪಿನ್ ಹಾಕುವ ಮೊದಲೇ ತೆರೆಯಬಹುದಾದ ಪ್ರತ್ಯೇಕ ಸಂಗ್ರಹವಿದೆ. ಮೂರೋ ನಾಲ್ಕೋ ಸಂಖ್ಯೆಗಳನ್ನೂ ಕಳುಹಿಸದೆ ಉಳಿದ ಸಂದೇಶವನ್ನೂ ಮಾತ್ರ ಅಲ್ಲಿಡಬೇಕು, ಉಳಿದದ್ದೆಲ್ಲ ಮಾಮೂಲಿ ಸಂಗ್ರಹದಲ್ಲೇ ಇರಲಿ. ಈ ಸಂಗ್ರಹದ ರಕ್ಷಣೆ ಸ್ವಲ್ಪ ಕಡಿಮೆ, ಆ ವಿನಿಮಯ ಇಲ್ಲಿ ಒಪ್ಪತಕ್ಕದ್ದು.

ಆರನೇ ಹಂತ: ಸಿಗ್ನಲ್ ಇಲ್ಲವೇ ಇಲ್ಲದಾಗ

ಟವರ್ ಎಟುಕದ ಜಾಗದಿಂದ ಸಂದೇಶ ಹೊರಡುವ ಮಾಂತ್ರಿಕ ದಾರಿ ಸಾಮಾನ್ಯ ಫೋನ್‌ನಲ್ಲಿಲ್ಲ. ಬ್ಲೂಟೂತ್‌ನಿಂದ ಫೋನಿಗೆ ಫೋನು ಸಂದೇಶ ದಾಟಿಸುವ ಮೆಶ್ ಜಾಲಗಳ ಬಗ್ಗೆ ಬಹಳ ಉತ್ಸಾಹವಿದೆ; 2014ರಲ್ಲಿ ಹಾಂಗ್‌ಕಾಂಗ್‌ನ ಪ್ರತಿಭಟನೆಗಳಲ್ಲಿ ಫೈರ್‌ಚಾಟ್ ಎಂಬ ಆ್ಯಪ್ ಹೀಗೆ ಬಳಕೆಯಾಯಿತು. ಅಲ್ಲಿ ಒಂದೇ ಬೀದಿಯಲ್ಲಿ ಸಾವಿರಾರು ಜನ ಒಟ್ಟಿಗಿದ್ದರು. ಕಾಫಿ ತೋಟದ ಒಂಟಿ ದಾರಿಯಲ್ಲಿ ಹತ್ತಾರು ಮೀಟರ್ ವ್ಯಾಪ್ತಿಯೊಳಗೆ ಅದೇ ಆ್ಯಪ್ ಇರುವ ಇನ್ನೊಂದು ಫೋನ್ ಇರುವ ಸಂಭವ ಎಷ್ಟು? ಹಳೆಯ ಬಗೆಯ ಬ್ಲೂಟೂತ್ ಲೋ ಎನರ್ಜಿ ಪ್ರಸಾರದಲ್ಲಿ ಹಿಡಿಯುವುದು 31 ಬೈಟ್ ಮಾತ್ರ. ಇಂಥ ಜಾಲದ ಭದ್ರತೆಯೂ ಸುಲಭದ ಮಾತಲ್ಲ. ಬ್ರಿಡ್ಜ್‌ಫೈ ಎಂಬ ಪ್ರಸಿದ್ಧ ಮೆಶ್ ಆ್ಯಪ್‌ನಲ್ಲಿ ಸಂಶೋಧಕರು 2020ರಲ್ಲಿ ಗಂಭೀರ ದೋಷಗಳನ್ನು ತೋರಿಸಿದ್ದರು. ಕಾಲೇಜಿನ ಆವರಣಕ್ಕೋ ಚಾರಣದ ತಂಡಕ್ಕೋ ಮೆಶ್ ಸೇರಿಸಬಹುದು, ಒಬ್ಬಂಟಿ ಪ್ರಯಾಣಿಕರಿಗೆ ಅದನ್ನು ಭರವಸೆಯಾಗಿ ಕೊಡಬಾರದು.

ಇದಕ್ಕಿಂತ ಉಪಯುಕ್ತವಾದದ್ದು ಸಾದಾ ಉಪಾಯ. ಅಪಾಯ ಬಂದ ಮೇಲೆ ಹೊರಗೆ ಸುದ್ದಿ ಕಳುಹಿಸಲಾಗದಿದ್ದರೆ, ಹೊರಡುವ ಮುಂಚೆಯೇ ಕಳುಹಿಸಬೇಕು. ಪ್ರಯಾಣ ಆರಂಭಿಸುವಾಗ ಸಿಗ್ನಲ್ ಇರುವ ಜಾಗದಲ್ಲೇ ಆ್ಯಪ್ ಒಂದು ಎಸ್‌ಎಂಎಸ್ ಕಳುಹಿಸಲಿ: ‘ಕೊಪ್ಪ ಬಿಟ್ಟೆ. 7:30ಕ್ಕೆ ತಲುಪುತ್ತೇನೆ. 8ರೊಳಗೆ ಸುದ್ದಿ ಬಾರದಿದ್ದರೆ ವಿಚಾರಿಸಿ.’ ಇಲ್ಲಿ ಎಚ್ಚರಿಕೆಯ ಗಡಿಯಾರ ಓಡುವುದು ಮನೆಯಲ್ಲಿ, ಪ್ರಯಾಣಿಕರ ಫೋನ್‌ನಲ್ಲಲ್ಲ. ಫೋನ್ ಒಡೆದರೂ, ನೀರಿಗೆ ಬಿದ್ದರೂ, ಯಾರಾದರೂ ಕಿತ್ತುಕೊಂಡರೂ ಅದು ನಿಲ್ಲುವುದಿಲ್ಲ. ತಲುಪಿದ ಮೇಲೆ ‘ತಲುಪಿದೆ’ ಎಂಬ ಬಟನ್, ತಡವಾದರೆ ‘ಅರ್ಧ ಗಂಟೆ ತಡ’ ಎಂಬ ಬಟನ್. ಮನೆಯವರ ಫೋನ್ ಈ ಸಂದೇಶವನ್ನು ತಾನೇ ಓದಿ ಅಲಾರಂ ಇಡುವಂತೆ ಮಾಡುವ ಆಸೆಯಾಗುವುದು ಸಹಜ, ಆದರೆ ಬಂದ ಎಸ್‌ಎಂಎಸ್‌ಗಳನ್ನು ಓದುವ ಅನುಮತಿಯನ್ನು ಪ್ಲೇ ಸ್ಟೋರ್ ಸುಲಭಕ್ಕೆ ಒಪ್ಪುವುದಿಲ್ಲ. ಮನುಷ್ಯರು ಓದಿ ತಿಳಿಯುವ ವಾಕ್ಯವೇ ಸಾಕು, ಅದು ಕೀಪ್ಯಾಡ್ ಫೋನಿಗೂ ಹೊಂದುತ್ತದೆ.

ಪ್ರಯಾಣದ ಅವಧಿಯಲ್ಲಿ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಜಿಪಿಎಸ್ ಸ್ಥಾನ ಪಡೆದಿಟ್ಟುಕೊಳ್ಳುವುದರಿಂದ ಇನ್ನೊಂದು ಲಾಭವಿದೆ: ಉಪಗ್ರಹಗಳ ಕಕ್ಷೆಯ ವಿವರ ಫೋನ್‌ನಲ್ಲಿ ತಾಜಾ ಆಗಿರುವುದರಿಂದ, ಅಪಾಯದ ಹೊತ್ತಿಗೆ ಸ್ಥಾನ ಬೇಗ ಸಿಗುತ್ತದೆ.

ದಾರಿಯಲ್ಲಿ ಬಟನ್ ಒತ್ತಿದಾಗ ಸಿಗ್ನಲ್ ಇಲ್ಲದಿದ್ದರೆ ಸಂದೇಶವನ್ನು ಫೋನಿನೊಳಗಿನ ರೂಮ್ ಎಂಬ ದತ್ತಸಂಚಯದಲ್ಲಿ ಬರೆದಿಟ್ಟು, ಯಾವುದಾದರೂ ಸಿಮ್ ಟವರ್‌ಗೆ ಸೇರಿದ ತಕ್ಷಣ ಕಳುಹಿಸಬೇಕು. ಹಾಗೆ ತಡವಾಗಿ ಹೋಗುವ ಸಂದೇಶದಲ್ಲಿ ಬಟನ್ ಒತ್ತಿದ ಸಮಯವೇ ಇರಬೇಕು. ಸ್ವಲ್ಪ ಎತ್ತರದ ಜಾಗಕ್ಕೆ ಹೋದರೆ ಸಂದೇಶ ಹೋಗಬಹುದು ಎಂಬ ಸೂಚನೆಯನ್ನೂ ಪರದೆಯಲ್ಲಿ ತೋರಿಸಬಹುದು. ಮಲೆನಾಡಿನವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ, ಹೊರಗಿನಿಂದ ಬಂದವರಿಗೆ ಬೇಕು.

ಏಳನೇ ಹಂತ: ಮನೆಯೊಳಗಿನ ಅಪಾಯ

ಹಿಂಸಿಸುವವರು ಮನೆಯಲ್ಲೇ ಇದ್ದಾಗ ಫೋನ್ ಅವರ ಕೈಗೂ ಸಿಗುತ್ತದೆ. ಎಸ್‌ಎಂಎಸ್ ಮ್ಯಾನೇಜರ್ ಮೂಲಕ ಕಳುಹಿಸಿದ ಸಂದೇಶವನ್ನು ಆಂಡ್ರಾಯ್ಡ್ ತಾನಾಗಿ ಫೋನಿನ ಕಳುಹಿಸಿದ ಸಂದೇಶಗಳ ಪಟ್ಟಿಗೆ ಸೇರಿಸುತ್ತದೆ, ಅದನ್ನು ಅಳಿಸುವ ಅಧಿಕಾರ ನಮ್ಮ ಆ್ಯಪ್‌ಗೆ ಇಲ್ಲ. ಈ ಸಂಗತಿಯನ್ನು ಬಳಕೆದಾರರಿಗೆ ಆರಂಭದಲ್ಲೇ ತಿಳಿಸದಿರುವುದು ಅನ್ಯಾಯ. ಮೊದಲ ಬಾರಿ ಆಪ್ತರನ್ನು ಸೇರಿಸುವಾಗ ‘ಈ ಸಂದೇಶ ನಿಮ್ಮ ಮೆಸೇಜ್ ಪೆಟ್ಟಿಗೆಯಲ್ಲಿ ಉಳಿಯುತ್ತದೆ, ನಿಮ್ಮ ಫೋನ್ ಬೇರೆಯವರೂ ನೋಡುತ್ತಾರೆಯೇ?’ ಎಂದು ಕೇಳಬೇಕು. ಹೌದೆಂದವರಿಗೆ, ‘ಅಮ್ಮ, ಔಷಧಿ ತರಲು ಮರೆಯಬೇಡ’ ಎಂಬಂಥ, ಇಬ್ಬರೇ ಮುಂಚಿತವಾಗಿ ಗೊತ್ತುಮಾಡಿಕೊಂಡ ಸಾಮಾನ್ಯ ವಾಕ್ಯವನ್ನು ಬಳಸುವ ಆಯ್ಕೆ ಕೊಡಬೇಕು. ಆ ವಾಕ್ಯದ ಜೊತೆ ಸ್ಥಾನದ ಅಂಕಿಗಳು ಹೋಗಕೂಡದು.

ಆಪ್ತರ ಸಂಖ್ಯೆಗಳು, ಓಡಾಟದ ದಾಖಲೆ ಫೋನಿನಿಂದ ಹೊರಗೆ ಹೋಗದಿರುವುದೇ ಇಂಥ ಆ್ಯಪ್‌ನ ದೊಡ್ಡ ಬಲ. ಜಾಹೀರಾತು, ಬಳಕೆಯ ವಿಶ್ಲೇಷಣೆ ಮುಂತಾದ ಯಾವ ಹೊರಗಿನ ಲೈಬ್ರರಿಯನ್ನೂ ಸೇರಿಸಬೇಡಿ. ಇಂಟರ್ನೆಟ್ ಅನುಮತಿಯನ್ನೇ ಮ್ಯಾನಿಫೆಸ್ಟ್‌ನಿಂದ ಕೈಬಿಟ್ಟರೆ, 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಮುಂದೆ ವಿವರಣೆ ಕೊಡಬೇಕಾದ ಸಂಗತಿಗಳೂ ಕಡಿಮೆಯಾಗುತ್ತವೆ.

ಎಂಟನೇ ಹಂತ: ಪರೀಕ್ಷೆ ಮತ್ತು ಬಿಡುಗಡೆ

ಕಂಪ್ಯೂಟರ್‌ನಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ನಿಜವಾದ ಪರೀಕ್ಷೆ ಹಳೆಯ, ಅಗ್ಗದ ಫೋನ್‌ನಲ್ಲಿ, ಮಳೆಗಾಲದಲ್ಲಿ ನಡೆಯಬೇಕು. ಡೇಟಾ ಆಫ್ ಮಾಡಿ, ಒಂದು ಸಿಮ್ ತೆಗೆದು, ರೀಚಾರ್ಜ್ ಮುಗಿದ ಸಿಮ್ ಹಾಕಿ, ಏರೋಪ್ಲೇನ್ ಮೋಡ್‌ನಲ್ಲಿ ಬಟನ್ ಒತ್ತಿ ಆಮೇಲೆ ಮೋಡ್ ತೆಗೆದು, ಕಳುಹಿಸುವ ಮಧ್ಯೆ ಫೋನ್ ರೀಸ್ಟಾರ್ಟ್ ಮಾಡಿ ನೋಡಬೇಕು. ಪ್ರತಿ ಬಾರಿಯೂ ಪರಿಶೀಲಿಸಬೇಕಾದ ಪ್ರಶ್ನೆ ಒಂದೇ: ಪರದೆ ಹೇಳಿದ್ದು ಮತ್ತು ಎದುರಿನ ಫೋನಿಗೆ ಬಂದದ್ದು ತಾಳೆಯಾಗುತ್ತವೆಯೇ? ಪರೀಕ್ಷೆಯ ಸಂದೇಶಗಳನ್ನು ನಿಮ್ಮದೇ ಇನ್ನೊಂದು ಫೋನಿಗೆ ಕಳುಹಿಸಿ, 112ಕ್ಕೆ ಪರೀಕ್ಷೆಗಾಗಿ ಕರೆ ಮಾಡಬಾರದು.

ಎಸ್‌ಎಂಎಸ್ ಅನುಮತಿಗಳ ಮೇಲೆ ಗೂಗಲ್ 2018ರಿಂದ ಬಿಗಿ ನಿಯಮ ಹೇರಿದ್ದರೂ, ತುರ್ತು ಎಚ್ಚರಿಕೆಯ ಎಸ್‌ಎಂಎಸ್ ಕಳುಹಿಸುವ ಆ್ಯಪ್‌ಗಳಿಗೆ ವಿನಾಯಿತಿಯ ಅವಕಾಶ ಇಟ್ಟಿದೆ. ಇದಕ್ಕಾಗಿ ಪ್ಲೇ ಸ್ಟೋರ್‌ಗೆ ಆ್ಯಪ್ ಸೇರಿಸುವ ತಾಣವಾದ ಪ್ಲೇ ಕನ್ಸೋಲ್‌ನಲ್ಲಿ ಅನುಮತಿ ಘೋಷಣೆಯ ಅರ್ಜಿ ತುಂಬಿ, ಬಟನ್ ಒತ್ತಿದಲ್ಲಿಂದ ಸಂದೇಶ ಮುಟ್ಟುವವರೆಗಿನ ಒಂದು ಚಿಕ್ಕ ವೀಡಿಯೊವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಒಳ್ಳೆಯದು. ಕಳುಹಿಸುವ ಅನುಮತಿಯೊಂದನ್ನೇ ಕೇಳಿ. ಓದುವ ಅನುಮತಿಯನ್ನು ‘ಇರಲಿ’ ಎಂದು ಸೇರಿಸಿದರೆ ಅರ್ಜಿ ತಿರಸ್ಕೃತವಾಗುವ ಸಂಭವ ಹೆಚ್ಚು. ವ್ಯಕ್ತಿಯ ಸಿಮ್‌ನಿಂದ ವ್ಯಕ್ತಿಗೆ ಹೋಗುವ ಈ ಸಂದೇಶಗಳಿಗೆ ವಾಣಿಜ್ಯ ಎಸ್‌ಎಂಎಸ್‌ಗಳಂತೆ ಡಿಎಲ್‌ಟಿ ನೋಂದಣಿ (ವಾಣಿಜ್ಯ ಸಂದೇಶ ಕಳುಹಿಸುವವರು ದೂರಸಂಪರ್ಕ ಕಂಪನಿಗಳ ಬಳಿ ಮಾಡಿಸುವ ನೋಂದಣಿ) ಬೇಕಾಗಿಲ್ಲ. ಮುಂದೆ ಎಂದಾದರೂ ಸರ್ವರ್‌ನಿಂದ ಎಸ್‌ಎಂಎಸ್ ಕಳುಹಿಸುವ ಯೋಚನೆ ಬಂದರೆ, ಆಗ ಆ ನೋಂದಣಿಯೂ ಪ್ರತಿ ಬರಹದ ಮಾದರಿಗೆ ಮುಂಗಡ ಒಪ್ಪಿಗೆಯೂ ಬೇಕಾಗುತ್ತವೆ.